ಬಿಡಿಬಿಡಿಯಾದ ಹಾಂಗುಲ್

ಕೊರಿಯನ್ ಸಬ್‌ಟೈಟಲ್ ಫೈಲುಗಳ ಜಿಪ್ ಅದು, ಮ್ಯಾಕ್‌ನಲ್ಲಿ ಕಟ್ಟಿದ್ದು. ವಿಂಡೋಸ್‌ನಲ್ಲಿ ಬಿಚ್ಚಿದರೆ ಹೆಸರುಗಳೆಲ್ಲ ಚೆಲ್ಲಾಪಿಲ್ಲಿ. ಒಂದೇ ಚೌಕದೊಳಗೆ ಕೂರಬೇಕಾದ ‘ಹಾನ್’ ಅಕ್ಷರ ಮೂರು ತುಂಡಾಗಿ ಸಾಲಿಗೆ ನಿಂತಿದೆ. ಹೆಸರು ಟೈಪಿಸಿ ಹುಡುಕಿದರೆ ಫೈಲ್ ಸಿಗದು. ಇಂಥಲ್ಲಿ ಎಲ್ಲರೂ ಮೊದಲು ಫಾಂಟ್ ಬದಲಿಸಿ ನೋಡುತ್ತಾರೆ. ದಂಡ.

ಯೂನಿಕೋಡ್‌ನಲ್ಲಿ ಕೊರಿಯನ್ ಲಿಪಿ ಹಾಂಗುಲ್‌ಗೆ ಎರಡು ದಾರಿ: ಇಡೀ ಅಕ್ಷರಕ್ಕೇ ಒಂದು ಸಂಖ್ಯೆ, ಇಲ್ಲವೇ ಜಾಮೊ ಎನ್ನುವ ಬಿಡಿ ಭಾಗಗಳ ಸಾಲು. ಮೊದಲಿಗೆ 19 ವ್ಯಂಜನ, ನಡುವೆ 21 ಸ್ವರ, ಕೊನೆಗೆ 27 ವ್ಯಂಜನ ಇಲ್ಲವೇ ಖಾಲಿ, ಅಂದರೆ 28. ಗುಣಿಸಿದರೆ 11,172. 1996ರ ಯೂನಿಕೋಡ್ 2.0 ಅಷ್ಟನ್ನೂ 44032ರಿಂದ ಸಾಲಾಗಿ ಜೋಡಿಸಿತು. ಹಾಗಾಗಿ ಪಟ್ಟಿ ಬೇಡ, ಲೆಕ್ಕ ಸಾಕು. ಸೊನ್ನೆಯಿಂದ ಎಣಿಸಿದರೆ ‘ಹಾನ್’ನ ಮೊದಲ ಭಾಗ 18, ಸ್ವರ 0, ಕೊನೆಯದು 4. ಹದಿನೆಂಟನ್ನು 21ರಿಂದ ಗುಣಿಸಿ ಸ್ವರ ಕೂಡಿ, ಬಂದದ್ದನ್ನು 28ರಿಂದ ಗುಣಿಸಿ 4 ಕೂಡಿದರೆ 10588; ಅದಕ್ಕೆ 44032 ಸೇರಿಸಿದರೆ 54620. ಅದೇ ಅಕ್ಷರದ ಸಂಖ್ಯೆ.

ನಮ್ಮ ಫೈಲುಗಳಲ್ಲಿ ಆ ಒಂದು ಸಂಖ್ಯೆಯ ಬದಲು ಇದ್ದದ್ದು ಮೂರು ಜಾಮೊ: 4370, 4449, 4523. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಆ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಯೂನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕೂಡಿದ ಅಕ್ಷರಕ್ಕೆ 3 ಬೈಟ್, ಬಿಡಿಸಿದ್ದಕ್ಕೆ 9. ಹೆಸರಿಗೆ 255 ಬೈಟ್ ಮಿತಿಯಿರುವ ಲಿನಕ್ಸ್ ಸರ್ವರ್‌ನಲ್ಲಿ 85 ಅಕ್ಷರದ ಜಾಗ 28ಕ್ಕೆ ಇಳಿಯುತ್ತದೆ. (ಕನ್ನಡದ ‘ಕೊ’ ಕೂಡ ಹೀಗೆ ಒಳಗೊಳಗೇ ಒಡೆಯಬಲ್ಲದು. ಫಾಂಟ್ ಕೂಡಿಸಿ ತೋರಿಸುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.)

ಮದ್ದು ಸರಳ: ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಭಾಗಗಳನ್ನು ಕೂಡಿಸುವ ರೂಪ) ಎಂದು ಹೇಳಿ ಪ್ರತಿ ಹೆಸರನ್ನೂ ಹಾಯಿಸುವುದು. ಮೊದಲು ಹಳೆ ಹೆಸರು, ಹೊಸ ಹೆಸರು ಬರೀ ಮುದ್ರಿಸಿ ನೋಡಿ. ಒಳಗಿನ ಫೈಲುಗಳು ಮುಗಿದ ಮೇಲಷ್ಟೇ ಫೋಲ್ಡರ್ ಮುಟ್ಟಿ, ಇಲ್ಲವಾದರೆ ದಾರಿಯೇ ತಪ್ಪುತ್ತದೆ. ಕೂಡಿದ್ದು, ಬಿಡಿಸಿದ್ದು ಎರಡೂ ಒಂದೇ ಫೋಲ್ಡರ್‌ನಲ್ಲಿದ್ದರೆ ಲಿನಕ್ಸ್ ತುಟಿಪಿಟಕ್ಕೆನ್ನದೆ ಒಂದರ ಮೇಲೊಂದು ಬರೆದುಬಿಡುತ್ತದೆ.

ಕೆಲವು ಹೆಸರು ಆಗಲೂ ಕೂಡುವುದಿಲ್ಲ. ಅವುಗಳಲ್ಲಿ ಇರುವುದು 12622ರಂಥ ಹೊಂದಾಣಿಕೆ ಜಾಮೊ, ಅಂದರೆ ಹಳೆಯ ಸಂಕೇತಗಳ ಜೊತೆ ಹೊಂದಲೆಂದು ಇಟ್ಟ, ಸ್ಥಾನದ ಗುರುತಿಲ್ಲದ ಒಂಟಿ ಅಕ್ಷರಗಳು. ಎನ್‌ಎಫ್‌ಸಿ ಅವನ್ನು ಮುಟ್ಟುವುದೇ ಇಲ್ಲ. ಇವನ್ನೂ ಮಾಮೂಲಿ ಜಾಮೊ ಮಾಡಿ ಕೂಡಿಸುವ ಎನ್‌ಎಫ್‌ಕೆಸಿ ಹಾಕಿದರೆ ಅರ್ಧ ಕೂಡುತ್ತದೆ: ಕೊನೆಯ ‘ನ್’ ಮೊದಲ ಸ್ಥಾನದ ವ್ಯಂಜನವಾಗಿ ಮಾರ್ಪಟ್ಟು ‘ಹಾ’ ಪಕ್ಕದಲ್ಲಿ ಒಂಟಿಯಾಗಿ ಉಳಿಯುತ್ತದೆ. ಅವನ್ನು ಕೈಯಾರೆ ತಿದ್ದುವುದೇ ಲೇಸು.

ಇನ್ನು ಫೈಲಿನೊಳಗಿನ ಪಠ್ಯ. ಹಳೆಯ ಸಬ್‌ಟೈಟಲ್‌ಗಳನ್ನು ಇಯುಸಿ-ಕೆಆರ್ ಎಂದು ತೆರೆಯಬೇಡಿ, ಸಿಪಿ949 ಎಂದು ತೆರೆಯಿರಿ; ಎರಡೂ ಯೂನಿಕೋಡ್ ಅಲ್ಲದ ಕೊರಿಯನ್ ಅಕ್ಷರ ಸಂಕೇತಗಳು. ಮೊದಲನೆಯದರ ಹಿಂದಿರುವ 1987ರ ಪ್ರಮಾಣದಲ್ಲಿ 2,350 ಅಕ್ಷರಗಳಷ್ಟೇ ಇವೆ. ಮಿಕ್ಕ 8,822 ಸೇರಿದ್ದು ಎರಡನೆಯದರಲ್ಲಿ. ಯಾರೋ ಆಗಲೇ ತಪ್ಪಾಗಿ ಪರಿವರ್ತಿಸಿ, ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂತಿದ್ದರೆ ಯಾವ ಲೆಕ್ಕವೂ ನಡೆಯದು, ಮೂಲ ಫೈಲನ್ನೇ ತರಿಸಿಕೊಳ್ಳಬೇಕು.