ಬೊಲೋನ್ಯಾದಲ್ಲಿ ಎರಡು ಮಣೆ

ಅವ್ವ ಮೊಟ್ಟೆ ತಿನ್ನುವುದಿಲ್ಲ. ಬೊಲೋನ್ಯಾದವರು ಮೊಟ್ಟೆ ಇಲ್ಲದೆ ಪಾಸ್ತಾ ಹಿಟ್ಟು ಕಲಸುವುದಿಲ್ಲ. ಇಟಲಿಗೆ ಹೊರಡುವ ಮುಂಚೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೊಂದೇ ಚಿಂತೆ.

ರೋಮ್, ಫ್ಲಾರೆನ್ಸ್ ಎಲ್ಲರೂ ನೋಡುವ ಊರುಗಳು. ನಾವೂ ನೋಡಿದೆವು, ಚೆನ್ನಾಗಿದ್ದವು. ಆದರೆ ನನಗೆ ಬಹಳ ದಿನದಿಂದ ಇದ್ದ ಆಸೆ ಬೇರೆ. ಪಾಸ್ತಾವನ್ನು ಮಷಿನ್ ಇಲ್ಲದೆ, ಲಟ್ಟಣಿಗೆಯಲ್ಲೇ ಲಟ್ಟಿಸಿ ಮಾಡುವುದನ್ನು ಅಲ್ಲಿನವರ ಪಕ್ಕದಲ್ಲೇ ನಿಂತು ಕಲಿಯಬೇಕು. ಅದಕ್ಕೆ ಬೊಲೋನ್ಯಾಗಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ.

“ನೀ ಕಲಿಯವ್ವಾ. ನಾ ಬಾಜೂಕ ಕುಂತು ನೋಡ್ತೀನಿ” ಅಂದಳು ಅವ್ವ.

ಅಷ್ಟು ದೂರ ಕರೆದುಕೊಂಡು ಹೋಗಿ ಸುಮ್ನೆ ಕೂರಿಸುವುದು ನನಗೆ ಇಷ್ಟವಿರಲಿಲ್ಲ. ಕ್ಲಾಸ್ ನಡೆಸುವ ಹೆಂಗಸಿಗೆ ಮೊದಲೇ ಮೇಲ್ ಬರೆದೆ. ಅಮ್ಮ ಮೊಟ್ಟೆ, ಮಾಂಸ ಎರಡೂ ತಿನ್ನುವುದಿಲ್ಲ, ಏನಾದರೂ ದಾರಿ ಇದೆಯಾ ಅಂತ ಕೇಳಿದೆ. ಉತ್ತರ ಬೇಗನೇ ಬಂತು. ‘ಧಾರಾಳವಾಗಿ ಕರೆದುಕೊಂಡು ಬನ್ನಿ. ಅವರಿಗೆ ಸ್ತ್ರೊತ್ಸಪ್ರೆತಿ ಅನ್ನುವ ಪಾಸ್ತಾ ಮಾಡಿಸೋಣ. ಅದಕ್ಕೆ ಹಿಟ್ಟು, ನೀರು ಅಷ್ಟೇ ಸಾಕು.’

ಫ್ಲಾರೆನ್ಸಿನಿಂದ ಬೊಲೋನ್ಯಾಗೆ ವೇಗದ ರೈಲಿನಲ್ಲಿ ನಲವತ್ತು ನಿಮಿಷವೂ ಬೇಡ. ದಾರಿಯ ಬಹುಪಾಲು ಬೆಟ್ಟದೊಳಗಿನ ಸುರಂಗ, ಹಾಗಾಗಿ ಕಿಟಕಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ಇಳಿದ ಮೇಲೆ ಮಾತ್ರ ಊರು ಕಣ್ಣು ತುಂಬುತ್ತದೆ. ಎಲ್ಲಿ ನೋಡಿದರೂ ಕೆಂಪು, ಕೇಸರಿ ಬಣ್ಣದ ಗೋಡೆಗಳು. ರಸ್ತೆಯ ಎರಡೂ ಕಡೆ ಕಮಾನಿನ ಮೊಗಸಾಲೆಗಳು. ಇವನ್ನು ಪೋರ್ತಿಕೊ ಅನ್ನುತ್ತಾರೆ. ಎಲ್ಲ ಸೇರಿ 62 ಕಿಲೋಮೀಟರ್ ಉದ್ದವಂತೆ. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಹೋದಾಗ ಮಳೆ ಬರುತ್ತಿತ್ತು. ಆದರೂ ಕೊಡೆ ಬಿಚ್ಚದೆಯೇ ಊರಿನ ನಡುವಿನವರೆಗೆ ನಡೆದೆವು. ಅಲ್ಲಿ ಎರಡು ಹಳೆಯ ಗೋಪುರಗಳಿವೆ. ಎತ್ತರದ್ದು ಅಸಿನೆಲ್ಲಿ, 97 ಮೀಟರ್. ಪಕ್ಕದ ಗರಿಸೆಂಡಾ ಗಿಡ್ಡ, ಆದರೆ ನೋಡಿದ ತಕ್ಷಣ ಗೊತ್ತಾಗುವಷ್ಟು ವಾಲಿದೆ. 2023ರಿಂದ ಅದರ ಸುತ್ತ ತಡೆ ಹಾಕಿ ಗಟ್ಟಿ ಮಾಡುವ ಕೆಲಸ ನಡೆಸಿದ್ದಾರೆ. ಅಸಿನೆಲ್ಲಿಯ ಹೆಸರು ನೆನಪಿಟ್ಟುಕೊಳ್ಳಿ, ಪಾಸ್ತಾಕ್ಕೂ ಅದಕ್ಕೂ ಒಂದು ಲೆಕ್ಕ ಇದೆ.

ಗೋಪುರದಿಂದ ನಾಲ್ಕು ಹೆಜ್ಜೆ ನಡೆದರೆ ಕ್ವಾದ್ರಿಲಾತೆರೊ ಅನ್ನುವ ಹಳೆಯ ಮಾರ್ಕೆಟ್. ಗಲ್ಲಿಗಳೆಲ್ಲ ಇಕ್ಕಟ್ಟು. ಒಂದು ಅಂಗಡಿಯಲ್ಲಿ ಚೀಸಿನ ದೊಡ್ಡ ಗಾಲಿಗಳು, ಪಕ್ಕದಲ್ಲಿ ಅಣಬೆ, ಅದರಾಚೆ ತಾಜಾ ಪಾಸ್ತಾ. ಗಾಜಿನ ಹಿಂದೆ ಹೆಂಗಸರು ನಿಂತು ಲಟ್ಟಿಸುತ್ತಿರುತ್ತಾರೆ. ಹೀಗೆ ಕೈಯಲ್ಲಿ ಹಾಳೆ ಲಟ್ಟಿಸುವವರಿಗೆ ಸ್ಫೋಲೀನಾ ಅಂತ ಹೆಸರು. ಬೊಲೋನ್ಯಾದಲ್ಲಿ ಅದು ಗೌರವದ ಕಸುಬು. ನಮಗೆ ಕಲಿಸಿದಾಕೆಯೂ ಸ್ಫೋಲೀನಾ. ಅರವತ್ತು ದಾಟಿದ ವಯಸ್ಸು, ಮೊಣಕೈವರೆಗೆ ಮಡಿಸಿದ ತೋಳು, ಬಿಳಿ ಏಪ್ರನ್. ನಾವೆಲ್ಲ ಆಕೆಯನ್ನು ಸಿನ್ಯೋರಾ ಅಂತಲೇ ಕರೆದೆವು.

ಕ್ಲಾಸಿನಲ್ಲಿ ನಮ್ಮಿಬ್ಬರ ಜೊತೆ ಇನ್ನೂ ನಾಲ್ಕೈದು ಜನ ಇದ್ದರು. ಒಬ್ಬೊಬ್ಬರಿಗೂ ಒಂದು ದೊಡ್ಡ ಮರದ ಹಲಗೆ, ಒಂದು ಲಟ್ಟಣಿಗೆ. ಈ ಲಟ್ಟಣಿಗೆಗೆ ಮತ್ತರೆಲ್ಲೊ ಅನ್ನುತ್ತಾರೆ. ಸುಮಾರು ಒಂದು ಮಾರಿನ ಅರ್ಧ ಉದ್ದ, ಎರಡೂ ತುದಿ ಒಂದೇ ದಪ್ಪ, ಹಿಡಿ ಇಲ್ಲ. ಅವ್ವನ ಹಲಗೆಯನ್ನು ಮೇಜಿನ ಆ ತುದಿಗೆ ಬೇರೆಯಾಗಿ ಇಟ್ಟಿದ್ದರು. ಅದರ ಲಟ್ಟಣಿಗೆ, ಹಿಟ್ಟಿನ ಡಬ್ಬಿ, ಬಟ್ಟೆ ಎಲ್ಲ ಬೇರೆ. ಯಾರಿಂದಲೂ ಹೇಳಿಸಿಕೊಳ್ಳದೆ ಇಷ್ಟೆಲ್ಲ ಮಾಡಿಟ್ಟಿದ್ದು ನೋಡಿ ನನಗೆ ಆಕೆಯ ಮೇಲೆ ತುಂಬಾ ಪ್ರೀತಿ ಬಂತು.

ಮೊಟ್ಟೆ ಹಾಕುವ ನಮ್ಮ ಹಲಗೆಗಳ ಅಳತೆ ಸರಳ. ಒಬ್ಬರಿಗೆ 100 ಗ್ರಾಂ ಹಿಟ್ಟು, ಒಂದು ಮೊಟ್ಟೆ. ನೀರಿಲ್ಲ, ಎಣ್ಣೆ ಇಲ್ಲ. ಹಿಟ್ಟು ನಮ್ಮ ಮೈದಾದಷ್ಟೇ ನುಣುಪು, ಅದರ ಹೆಸರು ಸೊನ್ನೆ ಸೊನ್ನೆ. ಹಲಗೆಯ ಮೇಲೆ ಹಿಟ್ಟು ಗುಡ್ಡೆ ಹಾಕಿ ನಡುವೆ ಗುಳಿ ಮಾಡಬೇಕು. ಅದರಲ್ಲಿ ಮೊಟ್ಟೆ ಒಡೆದು ಫೋರ್ಕಿನಲ್ಲಿ ಕದಡಬೇಕು. ಕದಡುತ್ತಾ ಒಳಗೋಡೆಯಿಂದ ಸ್ವಲ್ಪ ಸ್ವಲ್ಪವೇ ಹಿಟ್ಟು ಎಳೆದುಕೊಳ್ಳಬೇಕು. ಗಟ್ಟಿಯಾಗುತ್ತಾ ಬಂದ ಮೇಲೆ ಕೈ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳು, ಮಡಿಸು, ತಿರುಗಿಸು, ಮತ್ತೆ ತಳ್ಳು. ಹತ್ತು ನಿಮಿಷವಾದರೂ ನಾದಬೇಕು. ಮೊದಲು ತರಿತರಿಯಾಗಿ ಬಿರುಕು ಬಿಡುತ್ತಿದ್ದ ಮುದ್ದೆ ಒಂದು ಹಂತದಲ್ಲಿ ತಾನಾಗಿಯೇ ನುಣ್ಣಗಾಗುತ್ತದೆ. ಬೆರಳಿನಲ್ಲಿ ಒತ್ತಿದರೆ ಗುಳಿ ನಿಧಾನವಾಗಿ ಮೇಲೇಳುತ್ತದೆ. ಬಣ್ಣವೋ, ಹಳದಿ. ಇಲ್ಲಿ ಪಾಸ್ತಾಕ್ಕೆಂದೇ ಒಳಗಿನ ಲೋಳೆ ಜಾಸ್ತಿ ಹಳದಿ ಇರುವ ಮೊಟ್ಟೆ ಮಾರುತ್ತಾರೆ. ಮುದ್ದೆಯನ್ನು ಮುಚ್ಚಿ ಅರ್ಧ ಗಂಟೆ ಬಿಟ್ಟೆವು.

ಆ ಅರ್ಧ ಗಂಟೆಯಲ್ಲಿ ಸಿನ್ಯೋರಾ ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಇಟಲಿಯ ದಕ್ಷಿಣದಲ್ಲಿ ಬೆಳೆಯುವುದು ಗಟ್ಟಿ ಗೋಧಿ, ಅಂದರೆ ಡ್ಯೂರಮ್. ಅದರ ರವೆಗೆ ನೀರು ಸಾಕು, ಹಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಾರಿ ಊರಿನ ಹೆಂಗಸರು ಬೀದಿ ಬಾಗಿಲಲ್ಲಿ ಕುಳಿತು ಮಾಡುವ ಕಿವಿಯಾಕಾರದ ಒರೆಕ್ಕಿಯೆತ್ತೆಗೆ ಮೊಟ್ಟೆಯ ಸೋಂಕೇ ಇಲ್ಲ. ಅಂಗಡಿಯಲ್ಲಿ ಸಿಗುವ ಒಣ ಪಾಸ್ತಾವೂ ಡ್ಯೂರಮ್ ರವೆಯದ್ದೇ ಆಗಿರಬೇಕೆಂದು ಇಟಲಿ 1967ರಲ್ಲೇ ಕಾನೂನು ಮಾಡಿದೆ. ಉತ್ತರಕ್ಕೆ ಬಂದರೆ ಪೋ ನದಿಯ ಬಯಲು. ಅಲ್ಲಿ ಮೆದು ಗೋಧಿ. ಅದರ ಹಿಟ್ಟಿಗೆ ಅಷ್ಟು ಕಸುವಿಲ್ಲ, ಅದಕ್ಕೇ ಮೊಟ್ಟೆಯ ಆಸರೆ. ಆದರೆ ಬೊಲೋನ್ಯಾ ಇರುವ ಅದೇ ಎಮಿಲಿಯಾ-ರೊಮಾನ್ಯಾ ರಾಜ್ಯದ ಪೂರ್ವ ಭಾಗ, ಸಮುದ್ರದ ಕಡೆಯ ರೊಮಾನ್ಯಾದಲ್ಲಿ ಬಡವರ ಮನೆಯವರು ಮೊಟ್ಟೆಯನ್ನು ಮಾರಿಕೊಂಡು, ಪಾಸ್ತಾವನ್ನು ಬರೀ ನೀರಿನಲ್ಲಿ ಕಲಸುತ್ತಿದ್ದರು ಅನ್ನುತ್ತಾರೆ. ಸ್ತ್ರೊತ್ಸಪ್ರೆತಿ ಅಲ್ಲಿಯದು.

ನಾನು ಇದನ್ನೆಲ್ಲ ಅವ್ವನಿಗೆ ಹೇಳಿದೆ. “ಹಂಗಾರ ಇದು ಬಡವರ ಊಟ. ರುಚಿ ಇರ್ತದ” ಅಂದಳು.

ಆಮೇಲೆ ಲಟ್ಟಿಸುವುದು. ನೋಡಲು ಚಪಾತಿಯ ಕೆಲಸ ಅನ್ನಿಸಬಹುದು, ಆದರೆ ಕೈಯ ನಡೆ ಬೇರೆ. ಹಾಳೆಯ ಅರ್ಧ ಭಾಗವನ್ನು ಹಲಗೆಯ ಅಂಚಿನಿಂದ ಕೆಳಗೆ ಇಳಿಬಿಟ್ಟು, ಹೊಟ್ಟೆಯಿಂದ ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಆಚೆ ತುದಿಯನ್ನು ಲಟ್ಟಣಿಗೆಗೆ ಸುತ್ತಿ ತಮ್ಮ ಕಡೆ ತಂದು, ಥಟ್ಟನೆ ಬಿಚ್ಚಿ ಮುಂದಕ್ಕೆ ದೂಡುತ್ತಾರೆ. ಸುತ್ತುವಾಗ ಎರಡೂ ಅಂಗೈ ನಡುವಿನಿಂದ ಹೊರಕ್ಕೆ ಸರಿಯುತ್ತಾ ಹೋಗುತ್ತವೆ. ಹಾಗಾಗಿ ಹಾಳೆ ಉದ್ದಕ್ಕೂ ಅಗಲಕ್ಕೂ ಒಟ್ಟಿಗೇ ಹಿಗ್ಗುತ್ತದೆ. ಒತ್ತುವುದಕ್ಕಿಂತ ಎಳೆಯುವುದು ಜಾಸ್ತಿ. ಪ್ರತಿ ಸಲವೂ ಗಡಿಯಾರದ ಮುಳ್ಳಿನ ಹಾಗೆ ಸ್ವಲ್ಪ ತಿರುಗಿಸಬೇಕು. ಸಿನ್ಯೋರಾ ಕೈಯಲ್ಲಿ ಹಾಳೆ ನೋಡನೋಡುತ್ತಿದ್ದಂತೆ ಹಲಗೆ ತುಂಬಿತು. ಲಟ್ಟಣಿಗೆಯಿಂದ ಬಿಚ್ಚಿಕೊಳ್ಳುವಾಗ ಪಟ್ ಅಂತ ಒಂದು ಸದ್ದು ಬರುತ್ತದೆ, ಕೇಳಲು ಬಲು ಚೆಂದ.

ಹಾಳೆ ಎಷ್ಟು ತೆಳ್ಳಗಿರಬೇಕು? ಊರಿನ ಹೊರಗೆ ಗುಡ್ಡದ ಮೇಲೆ ಸಾನ್ ಲೂಕಾ ಅನ್ನುವ ಚರ್ಚ್ ಇದೆ. 666 ಕಮಾನುಗಳ ಮೊಗಸಾಲೆ ಊರಿನಿಂದ ಅಲ್ಲಿಯವರೆಗೆ ಹತ್ತಿಕೊಂಡು ಹೋಗುತ್ತದೆ. ಹಾಳೆಯನ್ನು ಕಿಟಕಿಗೆ ಎತ್ತಿ ಹಿಡಿದರೆ ಅದರ ಮೂಲಕ ಸಾನ್ ಲೂಕಾ ಕಾಣಬೇಕು ಅನ್ನುವುದು ಬೊಲೋನ್ಯಾದ ಮಾತು. ನಮ್ಮ ಕೋಣೆಯ ಕಿಟಕಿಗೆ ಎದುರು ಮನೆಯ ಗೋಡೆ ಮಾತ್ರ ಅಡ್ಡ ಇತ್ತು. ನನ್ನ ಹಾಳೆ ಎತ್ತಿ ಹಿಡಿದಾಗ ಆ ಮನೆಯ ಹಸಿರು ಕಿಟಕಿ ಮಸುಕಾಗಿ ಕಂಡಿತು. “ಬ್ರಾವಾ” ಅಂದರು ಸಿನ್ಯೋರಾ. ನನಗೆ ಆ ಒಂದು ಮಾತು ಸಾಕಾಯಿತು.

ಮರದ ಹಲಗೆ, ಮರದ ಲಟ್ಟಣಿಗೆ ಯಾಕೆ ಅಂತಲೂ ಅಲ್ಲೇ ಗೊತ್ತಾಯಿತು. ಸ್ಟೀಲಿನ ಉರುಳೆಗಳ ನಡುವೆ ಹೋದ ಹಾಳೆ ಜಾರುವಷ್ಟು ನುಣುಪು. ಮರದ ಮೇಲೆ ಲಟ್ಟಿಸಿದ್ದು ಮುಟ್ಟಿದರೆ ಒರಟು. ಆ ಒರಟಿಗೇ ಸಾಸ್ ಅಂಟಿಕೊಳ್ಳುವುದು.

ಹಾಳೆ ಸ್ವಲ್ಪ ಆರಿದ ಮೇಲೆ ಸಡಿಲವಾಗಿ ಸುರುಳಿ ಸುತ್ತಿ ಚಾಕುವಿನಲ್ಲಿ ಕತ್ತರಿಸಿದರೆ ತಾಲ್ಯಾತೆಲ್ಲೆ. ಕತ್ತರಿಸಿದ್ದನ್ನು ಬೆರಳಿನಲ್ಲಿ ಎತ್ತಿ ಕೊಡವಿದರೆ ಉದ್ದನೆಯ ಪಟ್ಟಿಗಳು ಬಿಚ್ಚಿಕೊಂಡು ಬೀಳುತ್ತವೆ. ಇದರ ಅಗಲಕ್ಕೆ ಈ ಊರಿನಲ್ಲಿ ದಾಖಲೆ ಇದೆ. 1972ರಲ್ಲಿ ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಅಳತೆಯನ್ನು ನೋಂದಾಯಿಸಿದರು. ಬೆಂದ ಮೇಲೆ ಅಗಲ 8 ಮಿಲಿಮೀಟರ್. ಅಂದರೆ ಅಸಿನೆಲ್ಲಿ ಗೋಪುರದ ಎತ್ತರದ 12,270ರಲ್ಲಿ ಒಂದು ಪಾಲು. ಚಿನ್ನದಲ್ಲಿ ಮಾಡಿಸಿದ ಒಂದು ತಾಲ್ಯಾತೆಲ್ಲಾ ಮಾದರಿಯನ್ನು ಮಂಡಳಿಯವರು ಇಟ್ಟುಕೊಂಡಿದ್ದಾರೆ. ತಿನ್ನುವ ವಸ್ತುವಿಗೆ ಇಷ್ಟು ಮರ್ಯಾದೆ ಕೊಡುವ ಊರು ನನಗೆ ಇಷ್ಟವಾಗದೆ ಇರುತ್ತದಾ! ಜಗತ್ತೆಲ್ಲ ಹೋಟೆಲುಗಳಲ್ಲಿ ‘ಸ್ಪಗೆಟಿ ಬೊಲೊನೇಸ್’ ಅಂತ ಬರೆಯುತ್ತಾರಲ್ಲ, ಆ ಮಾಂಸದ ಸಾರನ್ನು ಇಲ್ಲಿ ರಗೂ ಅನ್ನುತ್ತಾರೆ. ಇಲ್ಲಿನ ಪದ್ಧತಿಯಲ್ಲಿ ಅದಕ್ಕೆ ಜೋಡಿ ಸ್ಪಗೆಟಿ ಅಲ್ಲ, ತಾಲ್ಯಾತೆಲ್ಲೆ. ರಗೂವಿನ ಕ್ರಮವನ್ನೂ 1982ರಲ್ಲಿ ನೋಂದಾಯಿಸಿ, 2023ರಲ್ಲಿ ಪರಿಷ್ಕರಿಸಿದ್ದಾರೆ.

ಇನ್ನು ಅವ್ವನ ಮಣೆ. ಅವಳದು ಬಿಳಿ ಮುದ್ದೆ. ಹಿಟ್ಟು, ಬೆಚ್ಚಗಿನ ನೀರು, ಚಿಟಿಕೆ ಉಪ್ಪು. ಹಾಳೆಯನ್ನು ನಮ್ಮದಕ್ಕಿಂತ ದಪ್ಪಗೆ ಲಟ್ಟಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಬೇಕು. ಒಂದು ಪಟ್ಟಿಯ ತುದಿಯನ್ನು ಎರಡು ಅಂಗೈ ನಡುವೆ ಇಟ್ಟು ಒಮ್ಮೆ ಹೊಸೆದು, ಹೆಬ್ಬೆರಳಿನಲ್ಲಿ ಚಿವುಟಿ ಬಿಡಬೇಕು. ತಿರುಚಿದ ಸಣ್ಣ ಹಗ್ಗದ ತುಂಡು ಹಲಗೆ ಮೇಲೆ ಬೀಳುತ್ತದೆ. ಸಿನ್ಯೋರಾ ಎರಡು ಮಾಡಿ ತೋರಿಸಿದರು. ಮೂರನೆಯದಕ್ಕೆ ಅವ್ವ ಪಟ್ಟಿಯನ್ನು ತಾನೇ ತೆಗೆದುಕೊಂಡಳು.

ನಮ್ಮ ಧಾರವಾಡದ ಕಡೆ ಮದುವೆ ಬಂತೆಂದರೆ ಮನೆಯಲ್ಲಿ ಹೆಂಗಸರು ಕೂಡಿ ಕುಳಿತು ರವೆ ಕಣಕದಲ್ಲಿ ಗವಲಿ, ಶಾವಿಗೆ ಹೊಸೆಯುತ್ತಿದ್ದರು. ಅವ್ವ ಚಿಕ್ಕವಳಿದ್ದಾಗಿನಿಂದ ಮಾಡಿದ ಕೆಲಸ ಅದು. ಆ ಬೆರಳುಗಳಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಹೊಸೆದು ಚಿವುಟಿದಳು, ಹೊಸೆದು ಚಿವುಟಿದಳು. ಎಲ್ಲ ತುಂಡೂ ಒಂದೇ ಉದ್ದ, ಒಂದೇ ತಿರುಚು. ಸಿನ್ಯೋರಾ ಮಾತು ನಿಲ್ಲಿಸಿ ಅವಳ ಕೈಯನ್ನೇ ನೋಡುತ್ತಾ ನಿಂತರು. ಆಮೇಲೆ ಉಳಿದವರನ್ನೆಲ್ಲ ಆ ಕಡೆಗೆ ಕರೆದು, ಹೀಗೆ ಮಾಡಬೇಕು ನೋಡಿ ಅಂತ ತೋರಿಸಿದರು. ನಿಮ್ಮ ತಾಯಿ ಎಲ್ಲಿ ಕಲಿತರು ಅಂತ ನನ್ನನ್ನು ಕೇಳಿದರು. ನಾನು ಗವಲಿಯ ವಿಷಯ ಹೇಳಿದೆ. ಅದನ್ನು ಏನು ಸಾಸಿನಲ್ಲಿ ತಿನ್ನುತ್ತೀರಿ ಅಂದರು.

“ಸಾಸ್ ಯಾಕ? ಹಾಲು ಬೆಲ್ಲ ಹಾಕಿ ಪಾಯಸ ಮಾಡ್ತೀವಿ, ಮ್ಯಾಲ ಒಂದ ಚಮಚ ತುಪ್ಪ. ಹೇಳ ಅವರಿಗೆ” ಅಂದಳು ಅವ್ವ. ಸಿನ್ಯೋರಾ ಬೆಲ್ಲ ಅಂದರೇನು ಅಂತ ವಿಚಾರಿಸಿಕೊಂಡು, ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ಬೇಯಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಲೀಟರ್ ನೀರಿಗೆ 10 ಗ್ರಾಂ ಉಪ್ಪು, ನೀರು ಕೊತಕೊತ ಕುದಿಯುತ್ತಿರಬೇಕು. ತಾಲ್ಯಾತೆಲ್ಲೆ ಎರಡು ಮೂರು ನಿಮಿಷ. ಅವ್ವನದಕ್ಕೆ ಬೇರೆ ಪಾತ್ರೆ, ಇನ್ನೂ ಸ್ವಲ್ಪ ಹೊತ್ತು. ಬೆಂದ ಪಾಸ್ತಾವನ್ನು ಬಸಿದು ತಟ್ಟೆಗೆ ಹಾಕುವುದಿಲ್ಲ. ನೇರವಾಗಿ ಬಾಣಲೆಯ ಸಾಸಿಗೆ ಎತ್ತಿ ಹಾಕಿ, ಬೇಯಿಸಿದ ನೀರನ್ನೇ ಒಂದು ಸೌಟು ಬೆರೆಸಿ ತಿರುವುತ್ತಾರೆ. ನೀರಿನಲ್ಲಿರುವ ಗಂಜಿಯಿಂದ ಸಾಸ್ ಗಟ್ಟಿಯಾಗಿ ಪಾಸ್ತಾಕ್ಕೆ ಹತ್ತಿಕೊಳ್ಳುತ್ತದೆ. ಮನೆಯಲ್ಲಿ ಪಾಸ್ತಾ ಮಾಡುವವರು ಇದೊಂದನ್ನು ಪಾಲಿಸಿದರೂ ರುಚಿ ಬದಲಾಗುತ್ತದೆ.

ಉಳಿದವರು ರಗೂ ತಿಂದರು. ನನ್ನ ತಾಲ್ಯಾತೆಲ್ಲೆಗೆ ಬೆಣ್ಣೆ ಮತ್ತು ಸೇಜ್ ಎಲೆ. ಅವ್ವನದಕ್ಕೆ ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಟೊಮೆಟೊ, ಕೊನೆಗೆ ತುಳಸಿಯ ಜಾತಿಯ ಬೆಸಿಲ್. ಮೇಲೆ ಚೀಸ್ ತುರಿಯಲು ಹೊರಟಾಗ ಸಿನ್ಯೋರಾ ತಾವೇ ಕೈ ಅಡ್ಡ ಹಿಡಿದರು. ಪಾರ್ಮಿಜಾನೊ ರೆಜ್ಜಾನೊ ಚೀಸಿನಲ್ಲಿ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದು ನಮ್ಮಲ್ಲಿ ಎಷ್ಟೋ ಸಸ್ಯಾಹಾರಿಗಳಿಗೆ ಗೊತ್ತೇ ಇರುವುದಿಲ್ಲ. ಬೇಡವಾದರೆ ‘ಕಾಲ್ಯೊ ವೆಜೆತಾಲೆ’ ಅಂತ ಬರೆದಿರುವ ಚೀಸ್ ಕೇಳಬೇಕು. ಅವ್ವ ಚೀಸ್ ಇಲ್ಲದೆಯೇ ತಟ್ಟೆ ಖಾಲಿ ಮಾಡಿದಳು, ಇನ್ನೊಂದಷ್ಟು ಹಾಕಿಸಿಕೊಂಡಳು. ನಾನೂ ಅವಳ ತಟ್ಟೆಯಿಂದ ತಿಂದೆ. ಹಲ್ಲಿಗೆ ಚೂರು ಬಿಗಿ ಸಿಗುವ ಹಾಗೆ ಬೆಂದಿತ್ತು, ತಿರುಚಿನ ಸಂದಿಗಳಲ್ಲಿ ಟೊಮೆಟೊ ತುಂಬಿಕೊಂಡಿತ್ತು. ನನ್ನದಕ್ಕಿಂತ ಅದೇ ರುಚಿ ಅನ್ನಿಸಿತು.

ಹೋಗುವವರಿಗೆ ಒಂದೆರಡು ಮಾತು. ಜನ ಕಡಿಮೆ ಇರುವ, ಒಬ್ಬೊಬ್ಬರಿಗೂ ಬೇರೆ ಹಲಗೆ ಕೊಡುವ ಕ್ಲಾಸನ್ನೇ ಆರಿಸಿಕೊಳ್ಳಿ. ಲಟ್ಟಿಸುವುದು ಕೈಯಲ್ಲೋ ಮಷಿನಿನಲ್ಲೋ ಅಂತ ಮೊದಲೇ ಕೇಳಿ, ಮಷಿನ್ ಆದರೆ ಬೇರೆ ಕಡೆ ನೋಡಿ. ಮನೆಗಳಲ್ಲೇ ಕಲಿಸುವವರೂ ಇದ್ದಾರೆ. 2004ರಲ್ಲಿ ಬೊಲೋನ್ಯಾದಲ್ಲೇ ಶುರುವಾದ ಚೆಸರೀನೆ ಅನ್ನುವ ಮನೆ ಅಡುಗೆಯವರ ಬಳಗ ಈಗ ಇಟಲಿಯ ತುಂಬಾ ಇದೆ. ಮೊಟ್ಟೆ ತಿನ್ನದವರು ‘ಸೆನ್ಸಾ ಉವೋವಾ’ ಅಂತ ಹೇಳಿ, ಅಂದರೆ ಮೊಟ್ಟೆ ಬೇಡ ಅಂತ. ಬುಕ್ ಮಾಡುವಾಗಲೇ ಬರೆಯಿರಿ, ಅಲ್ಲಿ ಹೋಗಿ ಹೇಳಿದರೆ ಅವರಿಗೂ ಕಷ್ಟ.

ಊರಿಗೆ ಬಂದ ಮೇಲೆ ಅವ್ವ ಸ್ತ್ರೊತ್ಸಪ್ರೆತಿಯನ್ನು ಅರ್ಧ ಮೈದಾ, ಅರ್ಧ ಚಿರೋಟಿ ರವೆಯಲ್ಲಿ ಮಾಡಿದಳು. 100 ಗ್ರಾಂಗೆ ಸುಮಾರು 50 ಮಿಲಿಲೀಟರ್ ಬೆಚ್ಚಗಿನ ನೀರು ಹಿಡಿಯಿತು. ನಾದಿ ಅರ್ಧ ಗಂಟೆ ಮುಚ್ಚಿಟ್ಟು, ಉದ್ದ ಲಟ್ಟಣಿಗೆ ಇಲ್ಲದ ಕಾರಣ ಮುದ್ದೆಯನ್ನು ನಾಲ್ಕು ಪಾಲು ಮಾಡಿ ಚಪಾತಿ ಮಣೆಯ ಮೇಲೆಯೇ ಲಟ್ಟಿಸಿದಳು. ಹೊಸೆದ ತುಂಡುಗಳನ್ನು ರವೆ ಉದುರಿಸಿದ ತಟ್ಟೆಯಲ್ಲಿ ಹರಡಿದರೆ ಒಂದಕ್ಕೊಂದು ಅಂಟುವುದಿಲ್ಲ, ಮಧ್ಯಾಹ್ನ ಮಾಡಿಟ್ಟದ್ದನ್ನು ರಾತ್ರಿ ಊಟಕ್ಕೆ ಬೇಯಿಸಬಹುದು.