ಸುಳ್ಳು ಕಪ್ಪು ಅಂಚು
ಇವತ್ತು ಒಬ್ಬ ಅಜ್ಜಿಯ ಹಾರ್ಟ್ ಎಂಆರ್‌ಐ. ಉಸಿರು ಅಲುಗಿ, ಎದೆಗೋಡೆಯ ನೆರಳು ಹೃದಯದ ಮೇಲೆ ಸಾಲುಸಾಲಾಗಿ ಬಿದ್ದಿತ್ತು. "ಅಜ್ಜಿ, ಉಸಿರು ಎಳ್ಕೊಳ್ಳಿ, ಪೂರ್ತಿ ಬಿಡಿ, ಈಗ ಹಾಗೇ ತಡೀರಿ" ಅಂದೆ. ಉಸಿರು ಬಿಟ್ಟು ತಡೆದರೆ ಹೃದಯ ಪ್ರತಿಸಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುತ್ತದೆ. ಚಿತ್ರ ತಿಳಿಯಾಯಿತು.

3 ಟೆಸ್ಲಾ ಕಾಂತಶಕ್ತಿಯ ಯಂತ್ರದಲ್ಲಿ ಸಿನಿ ಚಿತ್ರಕ್ಕೆ (ಬಡಿಯುವ ಹೃದಯದ ಚಲಿಸುವ ಚಿತ್ರ) ಅಡ್ಡ ಬರುವ ಕಪ್ಪು ಪಟ್ಟಿಗೆ ಮದ್ದು ಬೇರೆ: ಹೃದಯದ ಸುತ್ತಲೇ ಶಿಮ್ ಮಾಡಿ, ಅಂದರೆ ಕಾಂತಕ್ಷೇತ್ರವನ್ನು ಸಮ ಮಾಡಿ, ಯಂತ್ರದ ಫ್ರೀಕ್ವೆನ್ಸಿ ತುಸು ಸರಿಸಬೇಕು.

ನನಗೆ ನಿಜಕ್ಕೂ ಭಯ ಹೃದಯದ ಸ್ನಾಯುವಿಗೆ ರಕ್ತ ಹರಿಯುವುದನ್ನು ನೋಡುವ ಪರ್ಫ್ಯೂಷನ್‌ನದ್ದು. ರಕ್ತನಾಳಕ್ಕೆ ಚುಚ್ಚಿದ ಕಾಂಟ್ರಾಸ್ಟ್ ದ್ರವ ಹೃದಯದ ಎಡ ಕುಹರಕ್ಕೆ (ಕೆಳಗಿನ ಎಡ ಕೋಣೆ) ಬರುತ್ತಿದ್ದಂತೆ ಒಳಗೋಡೆಗಂಟಿ ಕಪ್ಪು ಅಂಚು ಮೂಡುತ್ತದೆ, ಥೇಟ್ ರಕ್ತದ ಕೊರತೆಯ ಹಾಗೆ. ಕೆಲವೇ ಬಡಿತಗಳಲ್ಲಿ ಮಾಯವಾದರೆ ಹೆಚ್ಚಾಗಿ ಸುಳ್ಳು. ನಿಜವಾದ ಕೊರತೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಆ ಒಂದು ಅಂಚನ್ನು ನಂಬಿ ಯಾರನ್ನೂ ಆಂಜಿಯೋಗ್ರಾಮಿಗೆ ಕಳಿಸಬಾರದು ಅಂತ ಫ್ರೇಮ್ ಫ್ರೇಮ್ ಹಿಂದೆಮುಂದೆ ಓಡಿಸಿ ನೋಡುತ್ತೇನೆ.