ಅಲಾರ್ಮ್‌ಗಿಂತ ಮೊದಲು ಕೈಗೆ ಗೊತ್ತಾಗುತ್ತದೆ

ಹಡಗಿನಲ್ಲಿ ಕೆಲಸ ಅಂದ ತಕ್ಷಣ ಎಲ್ಲರೂ ಸಮುದ್ರದ ಬಗ್ಗೆ ಕೇಳುತ್ತಾರೆ. ನಾನು ಮೋಟರ್‌ಮ್ಯಾನ್, ಅಂದರೆ ಇಂಜಿನ್ ರೂಮಿನ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಗಾರ. ಡ್ಯೂಟಿಯ ಹೊತ್ತಿನಲ್ಲಿ ನನಗೆ ಸಮುದ್ರ ಕಾಣುವುದೇ ಇಲ್ಲ. ಇಂಜಿನ್ ರೂಮಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸದ್ದಿಗೆ ಕಿವಿ ಮುಚ್ಚಿಕೊಂಡೇ ಓಡಾಡಬೇಕು, ಮಾತೆಲ್ಲ ಕೈಸನ್ನೆ ಮತ್ತು ಟಾರ್ಚಿನ ಬೆಳಕಿನಲ್ಲಿ.

ಮೇನ್ ಇಂಜಿನ್ ಕುಡಿಯುವ ಹೆವಿ ಫ್ಯೂಯೆಲ್ ಆಯಿಲ್ ತಣ್ಣಗಿದ್ದರೆ ಡಾಂಬರಿನ ಹಾಗಿರುತ್ತದೆ. ಅದನ್ನು ಟ್ಯಾಂಕಿನಲ್ಲೇ ಬೆಚ್ಚಗೆ ಮಾಡಿ, 98 ಡಿಗ್ರಿಯ ಸುಮಾರಿಗೆ ಪ್ಯೂರಿಫೈಯರ್‌ಗೆ, ಅಂದರೆ ಜೋರಾಗಿ ತಿರುಗಿ ಎಣ್ಣೆ ಶುದ್ಧ ಮಾಡುವ ಯಂತ್ರಕ್ಕೆ, ಬಿಟ್ಟು ನೀರು, ಕೆಸರು ತೆಗೆದು, ಆಮೇಲೆ 130ರ ಆಸುಪಾಸಿಗೆ ಕಾಯಿಸಿದರೇನೇ ಇಂಜೆಕ್ಟರ್‌ನಲ್ಲಿ ಸರಿಯಾಗಿ ಸಣ್ಣ ಹನಿಗಳಾಗಿ ಚಿಮ್ಮುತ್ತದೆ. ಪ್ಯೂರಿಫೈಯರ್ ಬಿಚ್ಚುವ ದಿನ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಒಳಗೆ ರಾಶಿ ಡಿಸ್ಕ್‌ಗಳು, ಎಲ್ಲಕ್ಕೂ ಕಪ್ಪು ಕೆಸರು ಮೆತ್ತಿರುತ್ತದೆ. ಒಂದೊಂದನ್ನೇ ತೊಳೆದು ಜೋಡಿಸಬೇಕು, ಅವು ಕೂರುವ ಬೌಲಿನ ಗುರುತು ಗುರುತಿಗೆ ಕೂರಬೇಕು. ಒಂದು ಸೀಲ್ ರಿಂಗ್ ಮಡಚಿಕೊಂಡರೂ ಸಾಕು, ಒಳ್ಳೆಯ ಎಣ್ಣೆಯೆಲ್ಲ ಕೆಸರು ತುಂಬುವ ಸ್ಲಡ್ಜ್ ಟ್ಯಾಂಕಿಗೆ. ನಾನೇ ಒಮ್ಮೆ ಹಾಗೆ ಮಾಡಿದ್ದೇನೆ, ಮತ್ತೆ ಪೂರ್ತಿ ಬಿಚ್ಚಿದೆವು.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ರೌಂಡ್ಸ್ ಬಗ್ಗೆ, ಅಂದರೆ ಯಂತ್ರಗಳನ್ನು ಒಂದೊಂದಾಗಿ ನೋಡುತ್ತಾ ಸುತ್ತು ಹಾಕುವುದು. ಈಗಿನ ಎಷ್ಟೋ ಹಡಗುಗಳಲ್ಲಿ ರಾತ್ರಿ ಇಂಜಿನ್ ರೂಮಿನಲ್ಲಿ ಯಾರೂ ಇರುವುದಿಲ್ಲ, ಎಲ್ಲಾ ಅಲಾರ್ಮ್ ನೋಡಿಕೊಳ್ಳುತ್ತದೆ. ಅಲಾರ್ಮ್ ಬೇಕೇ ಬೇಕು. ಆದರೆ ಮಿತಿ ದಾಟಿದ ಮೇಲಷ್ಟೇ ಅದು ಕೂಗುತ್ತದೆ ಅಲ್ವಾ?

ಒಂದು ಬೆಳಗಿನ ಜಾವ, ನಾಲ್ಕು ಗಂಟೆಯ ವಾಚ್ (ಪಾಳಿ) ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಕೂಲಿಂಗ್ ಸೀವಾಟರ್ ಪಂಪಿನ ಪ್ರೆಶರ್ ಸರಿಯಿತ್ತು, ಮೋಟರಿನ ಆಂಪಿಯರ್ ಕೂಡ ಸರಿಯಿತ್ತು. ಸುಮ್ನೆ ಅಭ್ಯಾಸಕ್ಕೆ ಬೇರಿಂಗ್ ಹೌಸಿಂಗಿಗೆ, ಅಂದರೆ ತಿರುಗುವ ಶಾಫ್ಟಿಗೆ ಆಸರೆಯಾದ ಬೇರಿಂಗಿನ ಹೊರಕವಚಕ್ಕೆ, ಕೈ ಇಟ್ಟೆ. ಹಿಂದಿನ ದಿನ ಆರಾಮಾಗಿ ಇಟ್ಟುಕೊಳ್ಳಬಹುದಿತ್ತು, ಅವತ್ತು ಮೂರು ಎಣಿಸುವಷ್ಟರಲ್ಲಿ ತೆಗೆಯಬೇಕಾಯಿತು. ಸ್ಕ್ರೂಡ್ರೈವರಿನ ತುದಿ ಅಲ್ಲಿಟ್ಟು ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿದೆ. ಒಳಗೆ ಮರಳು ಅರೆದ ಹಾಗೆ ಸದ್ದು. ಇಂಜಿನಿಯರನ್ನು ಕರೆದೆ. ಅವರು ಎರಡನೇ ಮಾತಾಡದೆ ಸ್ಟ್ಯಾಂಡ್‌ಬೈ ಪಂಪ್ ಹಾಕಿ ಇದನ್ನು ನಿಲ್ಲಿಸಿದರು. ಬಿಚ್ಚಿದಾಗ ಬೇರಿಂಗಿನ ಒಳಗಿನ ಗುಂಡುಗಳನ್ನು ಹಿಡಿದಿಡುವ ಕೇಜ್ ಚೂರಾಗಿತ್ತು, ಶಾಫ್ಟಿಗೆ ಇನ್ನೂ ಏನೂ ಆಗಿರಲಿಲ್ಲ.

ಹೊಸ ವೈಪರ್ (ಇಂಜಿನ್ ರೂಮಿನ ಕಿರಿಯ ಕೆಲಸಗಾರ) ಬಂದರೆ ಮೊದಲ ರೌಂಡಿನಲ್ಲಿ ನಾನು ಸ್ಪ್ಯಾನರ್ ಕೊಡುವುದಿಲ್ಲ. ತಿರುಗುವ ಭಾಗ ಯಾವುದು, ಎಲ್ಲಿ ಕೈ ಹಾಕಲೇಬಾರದು ಅಂತ ಮೊದಲು ತೋರಿಸುತ್ತೇನೆ. ಆಮೇಲೆ ಒಂದೊಂದು ಪಂಪಿನ ಹತ್ತಿರ ನಿಲ್ಲಿಸಿ ಮುಟ್ಟಲು ಹೇಳುತ್ತೇನೆ. ಅಂಗೈ ಅಲ್ಲ, ಕೈಯ ಹಿಂಬದಿ.